ಹಕ್ಕಲ ಆಯ್ದವರು

ನಮ್ಮ ಕಡೆ ಸತ್ತವರ ಮನೆಗೆ ಹೋಗಿ ಬರುವುದಕ್ಕೆ 'ಮಾತಾಡಿಸಿಕೊಂಡು ಬರುವುದು' ಎನ್ನುತ್ತಾರೆ. 2006ರ ಮಳೆಗಾಲದಲ್ಲಿ ನಮ್ಮ ಮನೆಯವರು ತೀರಿಕೊಂಡಾಗ ನನ್ನನ್ನು ಮಾತಾಡಿಸಲು ಬಂದವರಿಗೆ ಲೆಕ್ಕವಿರಲಿಲ್ಲ. ಹಣೆಬರಹ ಎಂದರು ಒಬ್ಬರು. ಹಿಂದಿನ ಜನ್ಮದ್ದು ಎಂದರು ಇನ್ನೊಬ್ಬರು. ಒಳ್ಳೆಯವರನ್ನು ಶಿವ ಬೇಗ ಕರೆದುಕೊಳ್ಳುತ್ತಾನೆ ಎಂದವರೂ ಇದ್ದರು. ಹಾಗಾದರೆ ಉಳಿದ ನಾವೆಲ್ಲ ಯಾರು ಎಂದು ಕೇಳಬೇಕೆನಿಸಿ ಸುಮ್ಮನಾದೆ. ಬಂದವರ ಮನಸ್ಸು ಒಳ್ಳೆಯದೇ. ಆದರೆ ಅವರು ಎದ್ದು ಹೋದ ಮೇಲೆ ಎದೆಯ ಭಾರ ಮೊದಲಿಗಿಂತ ಹೆಚ್ಚಾಗಿರುತ್ತಿತ್ತು.

ಹಾನಗಲ್ಲ ತಾಲೂಕಿನ ಶಾಲೆಯಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ಹಿರಿಯ ಶಿಕ್ಷಕಿಯೊಬ್ಬರಿದ್ದರು. ಊರು ಬೆಟಗೇರಿ, ಧರ್ಮ ಕ್ರೈಸ್ತ. ಮಕ್ಕಳಿಗೂ ನಮಗೂ ಅವರು 'ಬೆಟಗೇರಿ ಅಕ್ಕೋರು'. ಅವರು ಬಂದು ಚಾಪೆಯ ತುದಿಗೆ ಕೂತರು. ಸಂಜೆಯವರೆಗೆ ಒಂದು ಮಾತೂ ಆಡಲಿಲ್ಲ. ಮರುದಿನ ಶಾಲೆ ಬಿಟ್ಟ ಮೇಲೆ ಮತ್ತೆ ಬಂದು ಹಾಗೆಯೇ ಕೂತರು. ಹೀಗೆ ಒಂದು ವಾರ. ಎಷ್ಟೋ ತಿಂಗಳ ನಂತರ ನಾನೇ ಕೇಳಿದೆ, "ಅಕ್ಕೋರ, ಅವತ್ತು ನೀವು ಯಾಕ ಏನೂ ಮಾತಾಡಲಿಲ್ಲ?"

"ಏನ ಮಾತಾಡ್ಲಿ? ಯೋಬನ ಗೆಳೆಯಾರು ಏಳು ದಿನ ಏಳು ರಾತ್ರಿ ಅವನ ಬಾಜೂಕ ನೆಲದ ಮ್ಯಾಲ ಸುಮ್ಮನ ಕುಂತಿದ್ರು. ಅವರು ಮಾಡಿದ ಶಾಣೇತನ ಅದೊಂದ. ಆಮ್ಯಾಲ ಬಾಯಿ ತಗದ್ರು, ಕೆಟ್ರು."

ಯೋಬ ಯಾರೆಂದು ನನಗೆ ಗೊತ್ತಿರಲಿಲ್ಲ. ನಾನು ಕ್ರೈಸ್ತಳಲ್ಲ. ನಮ್ಮ ಮನೆಯಲ್ಲಿ ಲಿಂಗಪೂಜೆ, ವಚನ, ಶ್ರಾವಣದಲ್ಲಿ ಪುರಾಣ. ಬೈಬಲ್ ಎಂದರೆ ಬೀದಿಯಲ್ಲಿ ಹಂಚುವ ಸಣ್ಣ ಪುಸ್ತಕ ಎಂಬುದಷ್ಟೇ ನನ್ನ ತಿಳಿವಳಿಕೆ. ಯೋಬನ ಕತೆ ತಿಳಿಯಲೆಂದು ಅಕ್ಕೋರ ಮನೆಗೆ ಹೋದವಳಿಗೆ ಅವರು ಕಪಾಟಿನಿಂದ ಒಂದು ಹಳೆಯ, ದಪ್ಪ, ಬೆನ್ನು ಹರಿದ ಸತ್ಯವೇದವನ್ನು ತೆಗೆದು ತೋರಿಸಿದರು. ಅದರ ಮೊದಲ ಖಾಲಿ ಹಾಳೆಗಳ ಮೇಲೆ ಮನೆತನದ ಹುಟ್ಟು, ಮದುವೆ, ಸಾವುಗಳನ್ನು ಬೇರೆ ಬೇರೆ ಕೈಗಳು ಬೇರೆ ಬೇರೆ ಶಾಯಿಯಲ್ಲಿ ಬರೆದಿದ್ದವು. ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ಹುಟ್ಟಿದ ತಾರೀಖು ಇರಲಿಲ್ಲ, ತಂದೆತಾಯಿಯ ಹೆಸರಿರಲಿಲ್ಲ. 1877 ಎಂಬ ವರ್ಷ, ಸುಮಾರು ಆರು ವರ್ಷದ ಹುಡುಗಿ ಎಂಬ ಮಾತು, ಮಿಶನ್ನಿನವರು ಇಟ್ಟ ಹೆಸರು, ಇಷ್ಟೇ. ಅದು ಅಕ್ಕೋರ ಅಜ್ಜಿಯ ತಾಯಿ.

ನಾನು ಮಕ್ಕಳಿಗೆ ಇತಿಹಾಸ ಕಲಿಸುವವಳು. ಆ ವರ್ಷ ನೋಡಿದೊಡನೆ ಅದು ಯಾವ ಕಾಲವೆಂದು ತಿಳಿಯಿತು. ಧಾತು ಮತ್ತು ಈಶ್ವರ ಸಂವತ್ಸರಗಳ ಬರ. 1876ರಲ್ಲಿ ಮಳೆ ಕೈಕೊಟ್ಟಿತು. ಮರುವರ್ಷವೂ ಸರಿಯಾಗಿ ಹಿಡಿಯಲಿಲ್ಲ. ಧಾರವಾಡ ಜಿಲ್ಲೆ ಆಗ ಮುಂಬಯಿ ಇಲಾಖೆಗೆ ಸೇರಿತ್ತು, ರೈಲು ಇನ್ನೂ ಈ ಕಡೆ ಬಂದಿರಲಿಲ್ಲ. ಹೊರಗಿನ ಕಾಳು ಎತ್ತಿನ ಗಾಡಿಯ ಮೇಲೆ ಬರಬೇಕು, ಎತ್ತುಗಳೋ ಮೇವಿಲ್ಲದೆ ಸಾಯುತ್ತಿದ್ದವು. ಗದಗ, ರೋಣದ ಎರೆಯ ಸೀಮೆಗೆ ಬಿದ್ದ ಪೆಟ್ಟು ದೊಡ್ಡದು. ನಮ್ಮ ಹಾನಗಲ್ಲದಲ್ಲಿ ಕೆರೆಗಳಿದ್ದವು, ಭತ್ತದ ಸೀಮೆ. ಆದರೆ ಬರ ಬಂದಾಗ ಕೆರೆಯ ಊರಿಗೂ ಹಸಿದವರ ಸಾಲು ಬರುತ್ತದೆ. ಹಿಂದಿನ ಹತ್ತು-ಹದಿನೈದು ವರ್ಷಗಳಲ್ಲಿ ಅಮೆರಿಕದ ಅಂತರ್ಯುದ್ಧದಿಂದಾಗಿ ಹತ್ತಿಗೆ ಬಂಗಾರದ ಬೆಲೆ ಬಂದು ಜನ ಹತ್ತಿಯ ಬೆನ್ನು ಹತ್ತಿದ್ದರು. ಹತ್ತಿಯನ್ನು ತಿನ್ನಲಿಕ್ಕಾಗುವುದಿಲ್ಲವಲ್ಲ.

1877ರ ಜನವರಿ 1ರಂದು ದಿಲ್ಲಿಯಲ್ಲಿ ದರ್ಬಾರು ನಡೆಸಿ ವಿಕ್ಟೋರಿಯಾ ರಾಣಿಯನ್ನು ಹಿಂದೂಸ್ಥಾನದ ಚಕ್ರವರ್ತಿನಿ ಎಂದು ಸಾರಿದರು. ಅದೇ ತಿಂಗಳಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ, ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆಯುವ ಆಳಿಗೆ ದಿನಕ್ಕೆ ಒಂದು ಪೌಂಡು, ಎಂದರೆ ಅರ್ಧ ಕಿಲೋಕ್ಕೂ ಕಡಿಮೆ ಧಾನ್ಯ ಸಾಕೆಂದು ಲೆಕ್ಕ ಹಾಕುತ್ತಿದ್ದ. ದಕ್ಷಿಣ ಮತ್ತು ಪಶ್ಚಿಮ ಭಾರತದಲ್ಲಿ ಸತ್ತವರು 50 ಲಕ್ಷಕ್ಕೂ ಹೆಚ್ಚು. ಇಂಥ ಹೊತ್ತಿನಲ್ಲಿ ಆ ಆರು ವರ್ಷದ ಹುಡುಗಿ ಬೆಟಗೇರಿಯ ಮಿಶನ್ನಿನ ಅಂಗಳಕ್ಕೆ ಬಂದಳು. ಕೈಹಿಡಿದು ತಂದವರು ಯಾರು, ದಾರಿಯಲ್ಲಿ ಉಳಿದವರು ಯಾರು, ಎಂಬುದನ್ನು ಅವಳು ದೊಡ್ಡವಳಾದ ಮೇಲೂ ಹೇಳಲಿಲ್ಲವಂತೆ.

ಈ ಮಿಶನ್ನಿನವರು ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದ ಸಂಸ್ಥೆಯವರು. ಬಂದವರಲ್ಲಿ ಬಹಳ ಜನ ಜರ್ಮನ್ನರು. 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದರು. ಬೈಬಲ್ ಅದಕ್ಕೂ ಮೊದಲೇ ಕನ್ನಡಕ್ಕೆ ಬಂದಿತ್ತು. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಎಂಬ ಪಾದ್ರಿ ಇಪ್ಪತ್ತು ವರ್ಷ ಅದೇ ಕೆಲಸಕ್ಕೆ ಕೂತಿದ್ದ. ಆದರೆ ಆ ಕನ್ನಡ ಇನ್ನೂ ಒರಟಾಗಿತ್ತು. ಅದನ್ನು ತಿದ್ದಲು ಕೂತವರಲ್ಲಿ ಮುಖ್ಯರು ಗಾಟ್‌ಫ್ರೀಡ್ ವೈಗ್ಲೆ ಮತ್ತು ಅವನ ಸಂಬಂಧಿ ಹರ್ಮನ್ ಮೋಗ್ಲಿಂಗ್. 1843ರಲ್ಲಿ 'ಮಂಗಳೂರ ಸಮಾಚಾರ' ಎಂಬ ಕನ್ನಡದ ಮೊದಲ ಪತ್ರಿಕೆ ತೆಗೆದ ಮೋಗ್ಲಿಂಗನೇ ಈತ.

ಪಾಠ ಹೇಳುವಾಗ ನಾವು ಇವರನ್ನು ಪತ್ರಿಕೆ, ನಿಘಂಟು, ಇಸವಿ ಎಂದು ಒಪ್ಪಿಸಿ ಮುಂದಕ್ಕೆ ಹೋಗುತ್ತೇವೆ. ಅವರ ಮನೆಗಳ ಒಳಗೆ ಏನಾಯಿತೆಂದು ಯಾರೂ ಕೇಳುವುದಿಲ್ಲ. ವೈಗ್ಲೆ 1855ರಲ್ಲಿ ಕೆಲಸದ ನಡುವೆಯೇ ತೀರಿಕೊಂಡ. ಅವನ ವಿಧವೆ ಪೌಲಿನಳನ್ನು ಮುಂದೆ ಮೋಗ್ಲಿಂಗ್ ಮದುವೆಯಾದ. ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಬಂದ. ಅವನ ಹೆಂಡತಿಯ ಹೆಸರೂ ಪೌಲಿನ. 1864ರಲ್ಲಿ ಆಕೆ ಈ ನೆಲದಲ್ಲೇ ತೀರಿಕೊಂಡಳು. ಕಿಟೆಲ್ ಆಮೇಲೆ ಅವಳ ತಂಗಿ ಜೂಲಿಯನ್ನು ಮದುವೆಯಾದ. 1894ರಲ್ಲಿ ಅಚ್ಚಾದ ಅವನ ನಿಘಂಟನ್ನು ಎಲ್ಲರೂ ಬಲ್ಲರು. ಆ ಪೌಲಿನರ ಹೆಸರು ಯಾವ ಪಾಠದಲ್ಲೂ ಇಲ್ಲ. ಗಂಡಂದಿರು ಪರಭಾಷೆಯಲ್ಲಿ ದುಃಖಕ್ಕೆ ಶಬ್ದ ಹುಡುಕುತ್ತಿದ್ದ ಮನೆಗಳಲ್ಲಿ ದುಃಖಕ್ಕೇನೂ ಕೊರತೆಯಿರಲಿಲ್ಲ ಎಂಬುದನ್ನು ಮಾತ್ರ ಹೇಳುತ್ತೇನೆ.

ಅವರು ಹುಡುಕಿದ ಶಬ್ದಗಳೇ ನನ್ನನ್ನು ಆ ಪುಸ್ತಕದ ಒಳಗೆ ಕರೆದೊಯ್ದವು. ನೂರೈವತ್ತು ಹಾಡುಗಳ ಒಂದು ಭಾಗಕ್ಕೆ ಕನ್ನಡದಲ್ಲಿ 'ಕೀರ್ತನೆಗಳು' ಎಂದು ಹೆಸರು. ಅದು ದಾಸರ ಶಬ್ದ. ಮೋಗ್ಲಿಂಗ್ 1850ರಲ್ಲಿ ಮಂಗಳೂರಿನಲ್ಲಿ ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವನೂ ಹೌದು. ಇಪ್ಪತ್ತಮೂರನೆಯ ಕೀರ್ತನೆಯಲ್ಲಿ ದೇವರನ್ನು ಕರೆದಿರುವ ಶಬ್ದ 'ಕುರುಬ'. ನಾನು ಕೆಲವು ವರ್ಷ ಶಿಗ್ಗಾಂವ ತಾಲೂಕಿನಲ್ಲಿದ್ದೆ. ಕನಕದಾಸರು ಹುಟ್ಟಿದ ಬಾಡ ಅದೇ ತಾಲೂಕಿನಲ್ಲಿದೆ. ಅಲ್ಲಿ ಸುಗ್ಗಿ ಮುಗಿದ ಮೇಲೆ ಹೊಲಕ್ಕೆ ಗೊಬ್ಬರವಾಗಲೆಂದು ಕುರಿ ನಿಲ್ಲಿಸುತ್ತಾರೆ. ಕರಿ ಕಂಬಳಿ ಹೊದ್ದು, ಕೈಯಲ್ಲಿ ಕೋಲು ಹಿಡಿದು, ತೋಳ ಬಂದೀತೆಂದು ರಾತ್ರಿಯಿಡೀ ಕೂತಿರುವ ಕುರುಬನನ್ನು ಕಂಡವರಿಗೆ ಆ ಹಾಡಿಗೆ ಟೀಕೆ ಬೇಡ. ಸಂಸ್ಕೃತದಿಂದ ದೊಡ್ಡ ಶಬ್ದವೊಂದನ್ನು ತಂದು ಅಲ್ಲಿ ಇಟ್ಟಿದ್ದರೆ ನಾನು ಆ ಪುಟ ತಿರುವಿ ಹಾಕುತ್ತಿದ್ದೆನೇನೋ.

ಬೆಟಗೇರಿಯ ಆ ಹುಡುಗಿ ಓದು ಕಲಿತ ಮೇಲೆ ಮತ್ತೆ ಮತ್ತೆ ಓದಿಸಿಕೊಂಡದ್ದು, ತನ್ನ ಮಗಳಿಗೂ ಮೊಮ್ಮಗಳಿಗೂ ಹೇಳಿದ್ದು ರೂತಳ ಕತೆಯನ್ನಂತೆ. ನಾಲ್ಕೇ ಅಧ್ಯಾಯದ ಸಣ್ಣ ಕತೆ. ಶುರುವಾಗುವುದೇ ಬರದಿಂದ. ಬೇತ್ಲೆಹೇಮಿನಲ್ಲಿ ಬರ ಬಿದ್ದು ನೊವೊಮಿ ಎಂಬಾಕೆ ಗಂಡ ಮತ್ತು ಇಬ್ಬರು ಮಕ್ಕಳೊಡನೆ ಪರದೇಶಕ್ಕೆ ಗುಳೆ ಹೋಗುತ್ತಾಳೆ. ಅಲ್ಲಿ ಗಂಡ ಸಾಯುತ್ತಾನೆ, ಮದುವೆಯಾದ ಇಬ್ಬರು ಮಕ್ಕಳೂ ಸಾಯುತ್ತಾರೆ. ಉಳಿದವರು ಮೂವರು ವಿಧವೆಯರು, ಅತ್ತೆ ಮತ್ತು ಇಬ್ಬರು ಸೊಸೆಯರು. ನಿಮ್ಮ ನಿಮ್ಮ ತವರಿಗೆ ಹೋಗಿರೆಂದು ಅತ್ತೆ ಹೇಳುತ್ತಾಳೆ. ಒಬ್ಬಳು ಅತ್ತು ಹೋಗುತ್ತಾಳೆ. ರೂತಳು ಮಾತ್ರ ಅತ್ತೆಯ ಕೈ ಬಿಡುವುದಿಲ್ಲ. ಇಬ್ಬರೂ ತಿರುಗಿ ಊರಿಗೆ ಬಂದಾಗ ಓಣಿಯ ಹೆಂಗಸರು ಗುರುತು ಹಿಡಿದು ಮಾತಾಡಿಸುತ್ತಾರೆ. ನೊವೊಮಿ ಎಂದರೆ ಸಿಹಿಯಾದವಳು. ಇನ್ನು ಮೇಲೆ ನನ್ನನ್ನು ಕಹಿಯವಳೆಂದು ಕರೆಯಿರಿ, ತುಂಬಿಕೊಂಡು ಹೋದವಳನ್ನು ದೇವರು ಬರಿಗೈಯಲ್ಲಿ ತಂದ ಎನ್ನುತ್ತಾಳೆ ಆಕೆ. ದೇವರ ಮೇಲೆಯೇ ದೂರು. ಹಾಗೆ ದೂರಿದ್ದಕ್ಕೆ ಕತೆಯಲ್ಲಿ ಅವಳಿಗೆ ಯಾರೂ ಬುದ್ಧಿ ಹೇಳುವುದಿಲ್ಲ.

ಊರಲ್ಲಿ ಜವೆಗೋದಿಯ ಸುಗ್ಗಿ. ಸೊಸೆ ಪರರ ಹೊಲಕ್ಕೆ ಹೋಗಿ ಕೊಯ್ಯುವವರ ಹಿಂದೆ ಬಿದ್ದ ತೆನೆ ಆಯುತ್ತಾಳೆ. ಕನ್ನಡ ಬೈಬಲಿನಲ್ಲಿ ಇದಕ್ಕಿರುವುದು ನಮ್ಮದೇ ಶಬ್ದ, ಹಕ್ಕಲ ಆಯುವುದು. ಹಿರೇಕೆರೂರಿನ ಶಾಲೆಯಲ್ಲಿದ್ದಾಗ ಒಮ್ಮೆ ಏಳನೆಯ ತರಗತಿಯ ಹುಡುಗಿಯರಿಗೆ ಈ ಕತೆ ಹೇಳಿದೆ. ಹಕ್ಕಲ ಎಂದ ಕೂಡಲೇ ನಾಲ್ಕಾರು ಕೈ ಮೇಲೆದ್ದವು. "ನಮ್ಮವ್ವನ ಜೋಡಿ ಶೇಂಗಾ ಹಕ್ಕಲಕ್ಕ ಹೋಗೇನ್ರಿ ಟೀಚರ," ಎಂದಳು ಒಬ್ಬಳು. ಹೊಲದ ಒಡೆಯ ಬೈಯುತ್ತಾನೋ ಇಲ್ಲವೋ ಎಂಬುದೇ ಆ ಮಕ್ಕಳ ಮೊದಲ ಪ್ರಶ್ನೆ. ಬೈಯಲಿಲ್ಲ, ಬೇಕೆಂದೇ ಒಂದಿಷ್ಟು ತೆನೆ ಉದುರಿಸಿ ಹೋಗಿರೆಂದು ಆಳುಗಳಿಗೆ ಹೇಳಿದ ಎಂದೆ. ಅವರ ಮುಖ ಅರಳಿದ್ದು ಇನ್ನೂ ಕಣ್ಣ ಮುಂದಿದೆ. ಹಸಿವಿನ ದಾರಿಯಲ್ಲಿ ಮನೆಯವರನ್ನೆಲ್ಲ ಕಳೆದುಕೊಂಡ ಹುಡುಗಿಗೆ ಸ್ವರ್ಗದ ವರ್ಣನೆಗಿಂತ ಆ ಉದುರಿಸಿದ ತೆನೆ ದೊಡ್ಡದಾಗಿ ಕಂಡಿರಬೇಕು.

ನೊವೊಮಿಯಂತೆ ಕುಟುಂಬ ಸಮೇತ ಹೊರಟು ಬರಿಗೈಯಾದ ಇನ್ನೊಬ್ಬ ಹೆಣ್ಣುಮಗಳು ನಮ್ಮ ನಾಡಿನಲ್ಲೇ ಹುಟ್ಟಿದವಳು, ಅದೇ ದಶಕದಲ್ಲಿ ಹಸಿದು ಅಲೆದವಳು. ಪಂಡಿತಾ ರಮಾಬಾಯಿಯನ್ನು ನಾವು ಮಹಾರಾಷ್ಟ್ರದವಳೆಂದೇ ತಿಳಿದಿದ್ದೇವೆ. ಆಕೆ 1858ರಲ್ಲಿ ಹುಟ್ಟಿದ್ದು ಸಹ್ಯಾದ್ರಿಯ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಬಳಿಯ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಜನರ ವಿರೋಧ ಕಟ್ಟಿಕೊಂಡವರು. ಮುಂದೆ ಆ ಕುಟುಂಬ ಊರೂರು ಪುರಾಣ ಓದುತ್ತ ತೀರ್ಥಯಾತ್ರೆಯಲ್ಲೇ ಬದುಕಿತು. 1874ರಲ್ಲಿ ಅನ್ನವಿಲ್ಲದೆ ತಂದೆ ತೀರಿಕೊಂಡರು. ಉಳಿದವರು ರಾಯಚೂರಿಗೆ ಬಂದಾಗ ತಾಯಿ ಜ್ವರದಲ್ಲಿ ಹಸಿವು ಹಸಿವು ಎಂದು ಕನವರಿಸುತ್ತಿದ್ದರು. ರಮಾಬಾಯಿ ನೆರೆಮನೆಗೆ ಹೋಗಿ ಒಂದು ತುಣುಕು ಸಜ್ಜೆ ರೊಟ್ಟಿ ಬೇಡಿ ತಂದಳು. ತಾಯಿಗೆ ಅದನ್ನು ನುಂಗಲಾಗಲಿಲ್ಲ. ಸತ್ತಾಗ ಹೆಣ ಹೊರಲು ಸಿಕ್ಕವರು ಇಬ್ಬರೇ ಬ್ರಾಹ್ಮಣರು. ಮೂರನೆಯ ಹೆಗಲು ಅಣ್ಣನದು, ನಾಲ್ಕನೆಯದು ಈಕೆಯದು. ಎತ್ತರ ಸಾಲದ್ದಕ್ಕೆ ಚಟ್ಟದ ತುದಿಯನ್ನು ತಲೆಯ ಮೇಲೆ ಹೊತ್ತು ಸುಡುಗಾಡಿನವರೆಗೆ ನಡೆದಳು. ಇದನ್ನೆಲ್ಲ ಆಕೆಯೇ ತನ್ನ ಜೀವನದ ಬರಹದಲ್ಲಿ ಹೇಳಿಕೊಂಡಿದ್ದಾಳೆ. ಓದಿದಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಮೇಲೆ ಅಕ್ಕ ಸತ್ತಳು, 1880ರಲ್ಲಿ ಅಣ್ಣ, 1882ರಲ್ಲಿ ಗಂಡ. ಮಡಿಲಲ್ಲಿ ಮಗಳು ಮನೋರಮಾ. 1883ರಲ್ಲಿ ಇಂಗ್ಲೆಂಡಿನಲ್ಲಿ ರಮಾಬಾಯಿ ಕ್ರೈಸ್ತಳಾದಳು. ಪುಣೆಯ ದೊಡ್ಡವರೆಲ್ಲ ಬೈದರು. 1896-97ರ ಬರದಲ್ಲಿ ಮಧ್ಯಪ್ರಾಂತಗಳಿಗೆ ಹೋಗಿ ಅನಾಥ ಹುಡುಗಿಯರನ್ನು ಕೆಡಗಾಂವಕ್ಕೆ ಕರೆತಂದು ಸಾಕಿದ ಕತೆ ಎಲ್ಲರಿಗೂ ಗೊತ್ತು. ಆಕೆ ಹೀಬ್ರೂ, ಗ್ರೀಕ್ ಕಲಿತು ಹಳ್ಳಿಯ ಹೆಂಗಸರಿಗೆ ತಿಳಿಯುವ ಮರಾಠಿಯಲ್ಲಿ ಇಡೀ ಬೈಬಲನ್ನು ತಾನೇ ಅನುವಾದಿಸಿದಳೆಂಬುದು ಅಷ್ಟಾಗಿ ಗೊತ್ತಿಲ್ಲ. ಅದನ್ನು ಅಚ್ಚುಮೊಳೆ ಜೋಡಿಸಿ ಮುದ್ರಿಸಿದವರೂ ಅಲ್ಲಿನ ಹೆಣ್ಣುಮಕ್ಕಳೇ. ಗುಲ್ಬರ್ಗದಲ್ಲಿ ಶಾಲೆ ತೆರೆಯಲು ನೆರವಾದ ಮಗಳು ಮನೋರಮಾ 1921ರ ಜುಲೈಯಲ್ಲಿ ತೀರಿಕೊಂಡಳು. ತಾಯಿ ಇನ್ನೂ ಕೆಲಸದಲ್ಲಿದ್ದಳು. ಮುಗಿಸಿ 1922ರ ಏಪ್ರಿಲ್‌ನಲ್ಲಿ ತಾನೂ ಹೋದಳು.

ಇಷ್ಟು ಬರೆದ ಮೇಲೆ ಒಂದು ಮಾತನ್ನು ಬಿಡುವಂತಿಲ್ಲ. ಹಸಿದವರಿಗೆ ರೊಟ್ಟಿ ಕೊಟ್ಟು ಧರ್ಮ ಬದಲಿಸಿದರು ಎಂಬ ಆಕ್ಷೇಪ ಅಂದಿನಿಂದಲೂ ಇದೆ, ಸುಳ್ಳೇನಲ್ಲ. ಬರದ ವರ್ಷಗಳಲ್ಲಿ ಮಿಶನ್ನಿಗೆ ಸೇರಿದವರ ಸಂಖ್ಯೆ ಹೆಚ್ಚಿತ್ತು. ಆರು ವರ್ಷದ ಹುಡುಗಿಯನ್ನು ಯಾರು ಕೇಳಿದರು? ಅವಳ ಹಳೆಯ ಹೆಸರೂ ಉಳಿಯಲಿಲ್ಲ. ನಾನು ಇದನ್ನು ಅಕ್ಕೋರ ಮುಂದೆ ಆಡಿದ್ದೇನೆ, ಸ್ವಲ್ಪ ಬಿರುಸಾಗಿಯೇ. ಅವರು ಸಿಟ್ಟಾಗಲಿಲ್ಲ. "ಹೌದ್ರಿ, ರೊಟ್ಟಿ ಸಲುವಾಗೇ ಬಂದ್ಲು. ರೊಟ್ಟಿ ಕೊಡಾಕ ಬ್ಯಾರೆ ಯಾರ ಇದ್ರು? ಬಂದಿದ್ದು ರೊಟ್ಟೀ ಸಲುವಾಗಿ ಖರೆ. ಎಪ್ಪತ್ತು ವರ್ಷ ಆ ಪುಸ್ತಕಾ ಬಿಡದ ಓದಿದ್ದು ಯಾತರ ಸಲುವಾಗಿ?" ಎಂದರು. ನಾನು ಉತ್ತರ ಕೊಡಲಿಲ್ಲ. ಅವಳ ಹೆಸರು ಕಳೆದದ್ದಕ್ಕೆ ನನಗೆ ಈಗಲೂ ಬೇಸರವಿದೆ. ಆಕೆಯ ಎಪ್ಪತ್ತು ವರ್ಷದ ಓದನ್ನು ರೊಟ್ಟಿಯ ಲೆಕ್ಕಕ್ಕೆ ಸೇರಿಸುವ ಹಕ್ಕು ನನಗಿಲ್ಲವೆಂಬುದೂ ತಿಳಿದಿದೆ.

ಆ ಓದಿನಲ್ಲಿ ಏನಿತ್ತೆಂದು ನಾನೇ ಓದಿ ನೋಡಿದೆ. ಬೈಬಲಿನಲ್ಲಿ ಬರೀ ಸಮಾಧಾನದ ಮಾತಿರುತ್ತದೆಂದು ತಿಳಿದಿದ್ದವಳಿಗೆ ಅಲ್ಲಿ ಕಂಡದ್ದು ಅಳು. ಕೀರ್ತನೆಗಳಲ್ಲಿ ಮೂರರಲ್ಲಿ ಒಂದು ಪಾಲು ಗೋಳಿನ ಹಾಡುಗಳು. ಎಲ್ಲಿದ್ದೀ, ಯಾಕೆ ಮುಖ ಮುಚ್ಚಿಕೊಂಡೆ, ಇನ್ನೂ ಎಷ್ಟು ದಿನ ಎಂದು ದೇವರನ್ನೇ ಹಿಡಿದು ಕೇಳುವ ಹಾಡುಗಳು. ಯೋಬನಂತೂ ದೇವರ ಮೇಲೆ ದಾವೆ ಹೂಡಿದವನ ಹಾಗೆ ವಾದಿಸುತ್ತಾನೆ. ಕೊನೆಗೆ ದೇವರು ತಪ್ಪು ಹೊರಿಸುವುದು ಕರ್ಮದ ಲೆಕ್ಕ ಹೇಳಿದ ಗೆಳೆಯರ ಮೇಲೆ. ಸವಣೂರಿನ ಶಾಲೆಯಲ್ಲಿದ್ದಾಗ ಇದನ್ನು ಮುಸ್ಲಿಂ ಸಹೋದ್ಯೋಗಿಯೊಬ್ಬರಿಗೆ ಹೇಳಿದರೆ, "ನಮ್ಮ ಅಯ್ಯೂಬ್ ನಬಿ ಅಲ್ಲೇನ್ರಿ," ಎಂದು ಅವರು ಕುರಾನಿನಲ್ಲಿ ಬರುವ ಅದೇ ಮನುಷ್ಯನ ತಾಳ್ಮೆಯ ಕತೆ ಹೇಳಿದರು. ಊಟದ ಬಿಡುವು ಮುಗಿದದ್ದೇ ನಮಗೆ ತಿಳಿಯಲಿಲ್ಲ.

'ಪ್ರಲಾಪಗಳು' ಎಂಬ ಸಣ್ಣ ಭಾಗ ನನಗೆ, ಕನ್ನಡ ಶಾಲೆಯ ಟೀಚರಿಗೆ, ಬೇರೆ ಕಾರಣಕ್ಕೆ ಹಿಡಿಸಿತು. ಕ್ರಿಸ್ತಪೂರ್ವ ಆರನೆಯ ಶತಮಾನದಲ್ಲಿ ಬಾಬಿಲೋನಿನ ಸೈನ್ಯ ಯೆರೂಸಲೇಮನ್ನು ಹಾಳುಗೆಡವಿದಾಗಿನ ಐದು ಶೋಕಗೀತೆಗಳು ಅವು. ಮೂಲ ಹೀಬ್ರೂವಿನಲ್ಲಿ ಮೊದಲ ನಾಲ್ಕು ಗೀತೆಗಳ ಪದ್ಯಗಳು ಅಕ್ಷರಮಾಲೆಯ ಇಪ್ಪತ್ತೆರಡು ಅಕ್ಷರಗಳ ಕ್ರಮದಲ್ಲೇ ಶುರುವಾಗುತ್ತವೆ. ನಾವು ಅ ಆ ಇ ಈ ಎಂದು ಕಲಿಸುತ್ತೇವಲ್ಲ, ಹಾಗೆ ಅಕ್ಷರ ಹಿಡಿದು ಅಳುವುದು. ಅನುವಾದದಲ್ಲಿ ಅದು ಕಾಣುವುದಿಲ್ಲ. ಆದರೆ ನಮ್ಮ ಹಳ್ಳಿಯ ಹೆಂಗಸರು ಹೆಣದ ಮುಂದೆ ಹಾಡಿ ಹಾಡಿ ಅಳುವುದನ್ನು ಕೇಳಿದವರಿಗೆ ಗೊತ್ತು. ಸತ್ತವನ ಒಂದೊಂದೇ ಗುಣ, ಒಂದೊಂದೇ ದಿನ ನೆನೆದು ಸಾಲು ಕಟ್ಟುತ್ತಾರೆ. ಸಾಲು ಕಟ್ಟುತ್ತ ಕಟ್ಟುತ್ತ ಉಸಿರು ಹತೋಟಿಗೆ ಬರುತ್ತದೆ. ಪಟ್ಟಣಕ್ಕೆ ಬಂದ ನಾವು ಅದನ್ನು ಅನಾಗರಿಕವೆಂದು ಬಿಟ್ಟೆವು, ಬಾಯಿಗೆ ಸೆರಗು ತುರುಕಿಕೊಂಡು ಅಳುವುದನ್ನು ಕಲಿತೆವು. ನಾನೂ ಹಾಗೆಯೇ ಅತ್ತಿದ್ದು.

ಬೆಟಗೇರಿ ಅಕ್ಕೋರು 2012ರಲ್ಲಿ ನಿವೃತ್ತರಾಗಿ ಊರಿಗೆ ಹೋದರು. ಹೋಗುವಾಗ ನನಗೊಂದು ಚಿಕ್ಕ ಬೈಬಲ್ ಕೊಟ್ಟರು. "ಧರ್ಮಕ್ಕ ಕರಿಯಾಕತ್ತಿಲ್ರಿ, ಓದಾಕ ಕೊಡಾಕತ್ತೇನಿ," ಎಂದು ನಕ್ಕರು. ನಮ್ಮ ದೇವರ ಜಗಲಿಯ ಮಗ್ಗುಲಿಗೆ, ವಚನದ ಪುಸ್ತಕಗಳ ಸಾಲಿನಲ್ಲಿ ಅದು ಈಗಲೂ ಇದೆ.

2021ರ ಮೇ ತಿಂಗಳಲ್ಲಿ ಅವರ ಒಬ್ಬನೇ ಮಗ ಕೊರೊನಾದಲ್ಲಿ ಹೋದ. ಮೂವತ್ತೆಂಟು ವರ್ಷ. ಮುಖ ನೋಡಲೂ ಸಿಗಲಿಲ್ಲ. ಲಾಕ್‌ಡೌನ್ ಇದ್ದದ್ದರಿಂದ ಮಾತಾಡಿಸಲು ಯಾರೂ ಹೋಗುವಂತಿರಲಿಲ್ಲ. ನಾನು ಫೋನು ಮಾಡಿದೆ. ಏನು ಹೇಳಬೇಕೆಂದು ತಿಳಿಯದೆ ಹಲೋ ಎಂದು ಸುಮ್ಮನಾದೆ. ಅವರೂ ಸುಮ್ಮನಿದ್ದರು. ಉಸಿರಾಟ ಮಾತ್ರ ಕೇಳುತ್ತಿತ್ತು. ಐದು ನಿಮಿಷವೋ ಹತ್ತು ನಿಮಿಷವೋ, ಇಟ್ಟುಬಿಟ್ಟೆ. ಮರುದಿನ ಅದೇ ಹೊತ್ತಿಗೆ ಮತ್ತೆ ಮಾಡಿದೆ. ಮತ್ತೂ ಮರುದಿನ.

ಎಂಟನೆಯ ದಿನವೋ ಒಂಬತ್ತನೆಯ ದಿನವೋ ಅವರೇ ಮಾತು ತೆಗೆದರು. ಕಣ್ಣಿಗೆ ಪೊರೆ ಬಂದು ಅಕ್ಷರ ಕಾಣಿಸುತ್ತಿರಲಿಲ್ಲ. "ನಿಮ್ಮ ಕಡೆ ಅದ ಅಲ್ರಿ ಆ ಪುಸ್ತಕ? ಎಂಬತ್ತೆಂಟನೇ ಕೀರ್ತನಿ ಓದ್ರಿ."

ತೆಗೆದು ಓದಿದೆ. ಅದು ಗೋಳಿನ ಹಾಡುಗಳಲ್ಲೆಲ್ಲ ಕಠಿಣವಾದದ್ದು. ಉಳಿದವುಗಳಲ್ಲಿ ಕೊನೆಗೆ ಎಲ್ಲೋ ಒಂದು ಕಡೆ ಬೆಳಕು ಬರುತ್ತದೆ. ಇದರಲ್ಲಿ ಬರುವುದಿಲ್ಲ. ಗೆಳೆಯರು ದೂರಾಗಿ ಕತ್ತಲೆ ಮಾತ್ರ ಉಳಿಯುವಲ್ಲಿಗೆ ಮುಗಿದುಬಿಡುತ್ತದೆ. ನನ್ನ ದನಿ ನಡುಗುತ್ತಿತ್ತು. ಹೀಗೇ ಬಿಟ್ಟರೆ ಹೇಗೆ ಎಂದುಕೊಂಡು ಮುಂದಿನ ಕೀರ್ತನೆಗೆ ಹಾಳೆ ತಿರುವಿದೆ. ಹಾಳೆಯ ಸಪ್ಪಳ ಅವರಿಗೆ ಕೇಳಿಸಿರಬೇಕು.

"ಬ್ಯಾಡ್ರಿ, ಅಲ್ಲೇ ನಿಲ್ಲಸ್ರಿ," ಎಂದರು. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು, "ಊಟ ಆತೇನ್ರಿ ನಿಮ್ದು?"

ಆಗಿಲ್ಲವೆಂದೆ. ತಾವೂ ಇನ್ನೂ ಉಂಡಿಲ್ಲ, ಎದ್ದು ಒಂದು ರೊಟ್ಟಿ ತಿನ್ನುತ್ತೇನೆ ಎಂದರು.